ಹೊಸ್ತಿಲಾಚೆಯ ಚಪ್ಪಲಿ

ವಿರುಪಾಕ್ಷಪ್ಪ ಕಾಕಾ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ನಾನು ಹೊಸ ಚಪ್ಪಲಿ ಹಾಕಿಕೊಂಡು ಹೋದ ದಿನ ಯಾರೋ ಎಂಬಂತೆ ಹೆಸರು ಕೇಳಿದರು. ಹಸಿರು ಪಟ್ಟಿಯ ಹಳೆಯ ಜೋಡಿಗೆ ಮರಳಿದಾಗ ತಲೆ ಎತ್ತದೆಯೇ, "ಬರ್ರಿ ಅಕ್ಕೋರ, ಕುಂದ್ರಿ" ಎಂದರು.

ರಾಣೆಬೆನ್ನೂರಿನ ರೈಲು ನಿಲ್ದಾಣದ ಹಿಂದಿದ್ದ ಹಳೆಯ ಗೋದಾಮುಗಳ ಸಾಲಿನಲ್ಲಿ ಒಂದು ಅವರದು. ಹತ್ತಿ, ಮೆಣಸಿನಕಾಯಿ ಎಲ್ಲ ಲಾರಿಯ ಪಾಲಾಗಿ ಅಡತಿ ವ್ಯಾಪಾರ ನಿಂತ ಮೇಲೂ ಅವರು ದಿನಾ ಇಸ್ತ್ರಿಯ ಧೋತರ ಉಟ್ಟು ಬಂದು, ಖಾಲಿ ಗೋದಾಮಿನ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಆ ಸಾಲಿನ ಬಗ್ಗೆ ಬರೆಯಬೇಕೆಂದು ಹೋದಾಗ ಅರಮನೆ ತೋರಿಸುವವರಂತೆ ಎದ್ದು ನಿಂತರು. ವ್ಯಾಗನ್ನಿನ ಬಾಗಿಲಿಗೆ ಸರಿಯಾಗುವಷ್ಟು ಎತ್ತರದ ಕಲ್ಲುಕಟ್ಟೆ, ಮೊಳಕ್ಕಿಂತ ದಪ್ಪದ ಗಾರೆ ಗೋಡೆ, ಸಾಗವಾನಿ ತೊಲೆಗಳ ಮೇಲೆ ಮಂಗಳೂರು ಹೆಂಚು, ಸೂರಿನ ಕೆಳಗೆ ಗಾಳಿಗೆಂದು ಬಿಟ್ಟ ದುಂಡು ಕಿಂಡಿಗಳು. ಎರಡೆರಡು ಗೋದಾಮಿಗೆ ಒಂದೇ ನಡುಗೋಡೆ. "ಅಣ್ಣತಮ್ಮರು ಒಂದ ಗ್ವಾಡಿಗೆ ಬೆನ್ನ ಹಚ್ಚಿ ಕುಂತಂಗ" ಎನ್ನುತ್ತಿದ್ದರು.

ಆ ಸಾಲಿಗೆಲ್ಲ ಒಂದು ರೂಢಿಯಿತ್ತು. ಒಳಗೆ ಹೋಗುವವರು ಚಪ್ಪಲಿಯನ್ನು ಹೊಸ್ತಿಲಾಚೆ ಬಿಡಬೇಕು. ಮಡಿಗಲ್ಲ. ಚೀಲಗಳ ಒಟ್ಟಿಲ ಹಿಂದೆ ಮಲಗಿದವರು ಕಾಣುವುದಿಲ್ಲ, ಚಿಲಕವಿರುವುದು ಹೊರಗಿನಿಂದ. ಹೊಸ್ತಿಲಲ್ಲಿ ಚಪ್ಪಲಿ ಇದ್ದರೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಹರೆಯದಲ್ಲಿ ಕಾಕಾ ಒಮ್ಮೆ ಹೊಸ ಚಪ್ಪಲಿ ಕಳುವಾದೀತೆಂದು ತಲೆದಿಂಬು ಮಾಡಿಕೊಂಡು ಮಲಗಿದ್ದರಂತೆ. ಅಪ್ಪ ಬೀಗ ಹಾಕಿ ಬ್ಯಾಡಗಿ ಪೇಟೆಗೆ ಹೊರಟುಹೋದರು. ಗೋದಾಮಿನ ತುಂಬ ಮೆಣಸಿನಕಾಯಿ.

"ಸಂಜೀಕ ಬಾಗಲಾ ತಗದಾಗ ನಮ್ಮಪ್ಪ ನನ್ನ ಗುರುತ ಹಿಡೀಲಿಲ್ರಿ. ಮಾರಿ ಕುಂಬಳಕಾಯಿ ಆಗಿತ್ತು. 'ಯಾರಪಾ ನೀ, ಯಾರ ಪೈಕಿ' ಅಂದ."

ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು. ಖಾಲಿ ಗೋದಾಮಿಗೆ ಯಾಕೆ ಈ ನೇಮ ಎಂದು ನಾನು ಕೇಳಿದ್ದಕ್ಕೆ ನನ್ನ ಕಾಲು ನೋಡಿದರು ಅಷ್ಟೆ. ನಾನು ಚಪ್ಪಲಿ ಬಿಟ್ಟೇ ಹೋಗುತ್ತಿದ್ದೆ.

ಪಕ್ಕದ ಗೋದಾಮನ್ನು ಅದರ ಮಾಲೀಕರು ಕೆಡವಿಸುವವರಿದ್ದರು. ಮರುದಿನ ಎಂದು ಕೇಳಿದ್ದೆ. ನಡುಗೋಡೆ ಒಂದೇ ಆದ್ದರಿಂದ ಕಾಕಾನ ಸೂರೂ ಉಳಿಯುವುದು ಅನುಮಾನವಿತ್ತು. ಅದಕ್ಕೇ ಅವಸರದಲ್ಲಿ, ಕಾಕಾ ಬರುವ ಮೊದಲೇ, ಬೀಗವಿಲ್ಲದ ಹಳಿಯ ಕಡೆಯ ಬಾಗಿಲಿನಿಂದ ಅವರ ಗೋದಾಮಿನೊಳಗೆ ಹೋಗಿ ತೊಲೆಗಳ ಫೋಟೊ ತೆಗೆಯುತ್ತಿದ್ದೆ. ಗುಡುಗುಡು ಸದ್ದಿನೊಡನೆ ನೆಲ ನಡುಗಿತು. ಗೂಡ್ಸ್ ಗಾಡಿ ಎಂದುಕೊಂಡೆ. ಅಲ್ಲಿ ದಿನಕ್ಕೆ ಹತ್ತು ಸಲ ನೆಲ ನಡುಗುತ್ತದೆ. ಈಗಲೂ ನಿದ್ದೆ ಹಿಡಿಯುವ ಮುಂಚೆ ಆ ಕ್ಷಣ ಮತ್ತೆ ಬರುತ್ತದೆ: ಕಿಂಡಿಯ ಬೆಳಕಿನಲ್ಲಿ ಗಾರೆಯ ಧೂಳು ಸಣ್ಣಗೆ ಉದುರುತ್ತಿದೆ, ನಾನು ಅದನ್ನು ಚೆಂದವೆಂದು ಕ್ಯಾಮೆರಾ ಎತ್ತುತ್ತಿದ್ದೇನೆ.

ಅಷ್ಟರಲ್ಲಿ ಸದ್ದು ಪೂರ್ತಿ ನಿಂತಿತು.

ಹೊರಗೆ ನಡೆದದ್ದನ್ನು ಆಮೇಲೆ ಜೆಸಿಬಿಯ ಚಾಲಕನೇ ಹೇಳಿದ. ಒಂದು ದಿನ ಮೊದಲೇ ಕೆಲಸ ಶುರುವಾಗಿತ್ತು. ರಸ್ತೆ ಕಡೆಯ ಬಾಗಿಲಿಗೆ ಬೀಗ ಇದ್ದುದರಿಂದ ಕಾಕಾನ ಗೋದಾಮು ಖಾಲಿ ಎಂದು ತಿಳಿದು ನಡುಗೋಡೆಗೆ ಕೈಹಾಕಿದ್ದ. ಆಗ ಒಬ್ಬ ಮುದುಕ ಧೋತರ ಎತ್ತಿ ಕಟ್ಟಿಕೊಂಡು ಹಳಿಯ ಕಡೆಯಿಂದ ಓಡಿಬಂದು ಯಂತ್ರದ ಹಲ್ಲಿನ ಕೆಳಗೇ ನಿಂತ. ಪಕ್ಕಕ್ಕ ಸರಿಯೋ ಅಜ್ಜಾ ಎಂದು ಚಾಲಕ ಬೈದರೂ ಕದಲಲಿಲ್ಲ. ಹಸಿರು ಪಟ್ಟಿಯ ಒಂದು ಚಪ್ಪಲಿಯನ್ನು ಎತ್ತಿ ಹಿಡಿದು, "ಇದು ಹೊರಗ ಐತಿ ಅಂದ್ರ ಅಕ್ಕೋರು ಒಳಗ ಅದಾರ. ಬಂದ್ ಮಾಡೋ" ಎಂದ.

ನನಗೆ ಕೇಳಿದ್ದು ಆ ನಂತರದ್ದು. ಹಳಿಯ ಕಡೆಯ ಬಾಗಿಲಿನಿಂದ ಬಂದ ಶಾಂತವಾದ ಧ್ವನಿ. "ಅಕ್ಕೋರ, ಮ್ಯಾಲ ನೋಡಬ್ಯಾಡ್ರಿ. ನನ್ನ ಕಡೆ ನೋಡಕೋತ ಲಗೂನ ಬರ್ರಿ."

ಬಂದೆ. ಕಟ್ಟೆ ಇಳಿದು ಹಳಿಯ ಪಕ್ಕದ ಹುಲ್ಲಿಗೆ ಕಾಲಿಟ್ಟಾಗ ಹಿಂದೆ ತೊಲೆ ಮುರಿದು, ಅರ್ಧ ಸೂರಿನ ಹೆಂಚು ನಾನು ನಿಂತಿದ್ದ ಜಾಗಕ್ಕೇ ಸುರಿಯಿತು. ಧೂಳು ಅಡಗಿತು. ಕಾಕಾ ಬಗ್ಗಿ ನನ್ನ ಮುಂದೆ ಎರಡೂ ಚಪ್ಪಲಿ ಜೋಡಿಸಿಟ್ಟರು. ನಾನು ಬೇಡವೆನ್ನುವ ಮೊದಲೇ, "ಮೆಟ್ಕೋರಿ, ಹೆಂಚಿನ ಚೂರು ಚುಚ್ಚತಾವ" ಎಂದರು. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ತಮ್ಮ ಮೊಣಕಾಲುಗಳನ್ನು ಎರಡೂ ಕೈಯಿಂದ ತಿಕ್ಕಿಕೊಳ್ಳುತ್ತ, "ನೋಡ್ರಿ, ಓಡಿದ್ದು ಈಗ ನೆನಪಾತು ಇವಕ್ಕ" ಎಂದು ನಕ್ಕರು. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ.

ಈಗ ಅಲ್ಲಿ ಕಲ್ಲುಕಟ್ಟೆಯಷ್ಟೇ ಉಳಿದಿದೆ. ಕಾಕಾ ಹಾವೇರಿಯಲ್ಲಿ ಮಗಳ ಮನೆ ಸೇರಿದರು. ಹೋದ ತಿಂಗಳು ಅವರು ಆಸ್ಪತ್ರೆಯಲ್ಲಿದ್ದರೆಂಬ ಸುದ್ದಿ ತಡವಾಗಿ ಸಿಕ್ಕಿತು. ಮಗಳ ಫೋನು ಹತ್ತಲಿಲ್ಲ. ಬಸ್ಸು ಹತ್ತಿ ಹೋದೆ. ಮೆಟ್ಟಿಲೇರಿ ಗಂಟೆಗೆ ಕೈಯೆತ್ತುವ ಮೊದಲು ನನ್ನ ಕಣ್ಣು ಹೊಸ್ತಿಲಿಗೆ ಹೋಯಿತು. ಮೊಮ್ಮಕ್ಕಳ ಬೂಟುಗಳ ನಡುವೆ, ಎಡಗಡೆಯ ಹಿಮ್ಮಡಿ ಸವೆದ, ಕಾಕಾನ ತೊಗಲಿನ ಚಪ್ಪಲಿ ಜೋಡಿ, ಒಪ್ಪವಾಗಿ. ಇದ್ದಾರೆ. ಗೋಡೆಗೊರಗಿ ಒಂದು ಉಸಿರು ಬಿಟ್ಟು, ಅದರ ಪಕ್ಕ ನನ್ನದನ್ನೂ ಬಿಟ್ಟೆ.

ಬಾಗಿಲು ತೆಗೆದವರು ಅವರೇ. ಸೊರಗಿದ್ದರು. ಮೊದಲು ನನ್ನ ಬರಿಗಾಲು ನೋಡಿದರು.

"ಚಪ್ಪಲಿ ಹೊರಗ ಬಿಟ್ಟೀರಿಲ್ಲೋ?"

"ಬಿಟ್ಟೇನ್ರಿ ಕಾಕಾ."

"ಹಂಗಾರ ಒಳಗ ಬರ್ರಿ."