ಮೋಹನಕ್ಕೆ ಸಿಕ್ಕ ಎರಡು ಹಿಡಿತ

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದೆ. ನರ್ಸಮ್ಮ ನನ್ನ ಎಡಗೈ ಬೆರಳಿಗೆ ಸೂಜಿ ಚುಚ್ಚಿದಳು; ರಕ್ತ ಬರಲಿಲ್ಲ. ಇನ್ನೊಂದು ಬೆರಳು ನೋಡಿದಳು, ಅದೂ ಜಡ್ಡುಗಟ್ಟಿತ್ತು. "ಗಾರೆ ಕೆಲಸವಾ ತಾತ?" ಎಂದಳು. "ಗಿಟಾರು ಕಣಮ್ಮ" ಎಂದೆ. ನಕ್ಕು, ಬಲಗೈ ಹಿಡಿದುಕೊಂಡಳು. ಅವಳು ನಂಬಲಿಲ್ಲ, ನೀವಾದರೂ ಕೇಳಿ.

ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಶಿರಾದ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಮಂಡಿಯ ಕೆಲಸಕ್ಕೆ ಬೆಂಗಳೂರಿಗೆ ಹೋದವನು, ಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟಿದ್ದ ದಂಡಿನ ಸಿಪಾಯಿಯೊಬ್ಬನಿಂದ ಗಿಟಾರು ಕೊಂಡು ತಂದೆ. ಅವ್ವ ಅದನ್ನು ಸುತ್ತಲೂ ತಿರುಗಿಸಿ ನೋಡಿ, "ಇದ್ಯಾವ್ದ್ಲಾ, ಹೊಟ್ಟೆ ತೂತಾಗಿರೋ ವೀಣೆ?" ಎಂದಳು.

ಕಲಿಸಿದವರು ಗಡಿಯಾರ ರಿಪೇರಿಯ ಹುಸೇನ್ ಸಾಬರು. ಹಿಂದೆ ದಂಡಿನ ಬ್ಯಾಂಡಿನಲ್ಲಿದ್ದವರು. ಬೆರಳುಗಳನ್ನು ಒಟ್ಟಿಗೆ ಒತ್ತಿ ಮೂರು ಸ್ವರಗಳನ್ನು ಒಂದೇ ಸಲ ನುಡಿಸುವ ಹಿಡಿತಕ್ಕೆ ಕಾರ್ಡು ಎನ್ನುತ್ತಿದ್ದರು. ಅಂಥವು ಮೂರು ಹೇಳಿಕೊಟ್ಟು, "ಬಸ್ ಮಿಯಾ, ದುನಿಯಾದಾಗೆ ಇರೋ ಹಾಡೆಲ್ಲ ಇದ್ರೊಳಗೇ" ಎಂದರು. ನಂಬಿಬಿಟ್ಟೆ.

ಆ ವರ್ಷವೇ ಮದುವೆಯಾಯಿತು. ಹುಡುಗಿ ಶಾರದೆ, ಮಧುಗಿರಿಯ ಸಂಗೀತದ ಮೇಷ್ಟ್ರ ಮಗಳು. ಅವಳು ಮೋಹನ ರಾಗ ಹಾಡಿದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಾರೆಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಅವಳು ಹಾಡಲು ಕೂತ ಮೊದಲ ಸಂಜೆಯೇ ನಾನು ಉತ್ಸಾಹ ತಡೆಯದೆ ಗಿಟಾರು ಎತ್ತಿಕೊಂಡು ಮೂರೂ ಕಾರ್ಡುಗಳನ್ನು ಧಾರಾಳವಾಗಿ ಬಡಿದೆ. ಅವಳು ಅರ್ಧಕ್ಕೇ ನಿಲ್ಲಿಸಿ, ಸಾರಿಗೆ ಒಗ್ಗರಣೆ ಹಾಕಬೇಕೆಂದು ಎದ್ದಳು. ಮರುದಿನವೂ ಅದೇ. ನಮ್ಮ ಮನೆಯ ಸಾರು ಅಷ್ಟು ಘಮಘಮಿಸಿದ್ದು ಹಿಂದೆಂದೂ ಇಲ್ಲ. ಕೊನೆಗೆ ಗೌರಿ ಹಬ್ಬಕ್ಕೆ ತವರಿಗೆ ಹೋದವಳು ದೀಪಾವಳಿ ಹತ್ತಿರ ಬಂದರೂ ತಿರುಗಿ ಬರಲಿಲ್ಲ.

"ಲೇ, ಹೆಂಗಾದ್ರೂ ಮಾಡಿ ಆ ಹುಡ್ಗೀನ ಕರ್ಕಂಡ್ ಬಾ. ಇಲ್ಲಾಂದ್ರೆ ಆ ಡಬ್ಬನೇ ಕಟ್ಕಂಡು ಸಂಸಾರ ಮಾಡು, ಇಬ್ರಿಗೂ ಆರತಿ ಎತ್ಬುಡ್ತೀನಿ" ಎಂದಳು ಅವ್ವ.

ನನ್ನ ಜಾಣತನ ನೋಡಿ, ಗಿಟಾರನ್ನು ಹೊತ್ತುಕೊಂಡೇ ಮಧುಗಿರಿಗೆ ಹೋದೆ. ಜಗಲಿಯಲ್ಲಿದ್ದ ಮಾವನವರು ಅದನ್ನು ಕಂಡು ಮುಖ ತಿರುಗಿಸಿದರು. ಶಾರದೆ ಮಾತ್ರ ಚಾಪೆ ಹಾಸಿ ಎದುರಿಗೆ ಕೂತಳು.

"ಸಿಟ್ಟು ಇದ್ರ ಮೇಲಲ್ಲ ಕಣ್ರೀ. ಮೋಹನಕ್ಕಿರೋದೇ ಐದು ಸ್ವರ, ಸ ರಿ ಗ ಪ ದ. ನೀವು ಕರೀದೇ ಇರೋರನ್ನೆಲ್ಲ ಕರ್ಕೊಂಡ್ ಬಂದು ಪಂಕ್ತಿಗೆ ಕೂರಿಸ್ತೀರ."

ತಂತಿಗಳನ್ನು ತನ್ನ ಶ್ರುತಿಗೆ ಕೂಡಿಸಿಕೊಂಡು, ಒಂದೊಂದೇ ತಂತಿ ಮೀಟಿಸಿ ಕೇಳಿದಳು. ಮೊದಲ ಕಾರ್ಡಿನಲ್ಲಿ ಸ, ಗ, ಪ, ಅದು ಪಾಸಾಯಿತು. ಎರಡನೆಯದರಲ್ಲಿ ಮೋಹನಕ್ಕೆ ಸೇರದ ಮಧ್ಯಮ ಸಿಕ್ಕಿಬಿತ್ತು. "ತಪ್ಪು" ಎಂದಳು. ಕೆಂಡ ಮುಟ್ಟಿದವನಂತೆ ಬೆರಳು ಎತ್ತಿದೆ. ಮೂರನೆಯದರಲ್ಲಿ ನಿಷಾದ. ಅದನ್ನೂ ಬಿಟ್ಟೆ.

"ಇನ್ನು ಒಂದೇ ಉಳೀತಲ್ಲ ಶಾರದೆ?"

"ಒಂದಾದ್ರೂ ಮರ್ಯಾದಸ್ಥ" ಎಂದಳು.

ಒಂಟಿಯಾಗಿ ಶಿರಾಕ್ಕೆ ಮರಳಿ ಹುಸೇನ್ ಸಾಬರಿಗೆ ಕಥೆ ಹೇಳಿದೆ. ಅವರು ನಕ್ಕ ನಗುವಿಗೆ ಕಣ್ಣಿಗೆ ಸಿಕ್ಕಿಸಿದ್ದ ಮಸೂರ ಕೆಳಗೆ ಬಿತ್ತು. ಆಮೇಲೆ ನನ್ನ ಕೈ ಹಿಡಿದು ಮೊದಲ ಕಾರ್ಡು ಹಾಕಿಸಿ, ಒಂದೇ ಒಂದು ಬೆರಳನ್ನು ಎತ್ತಿ ಬೇರೆ ತಂತಿಯ ಮೇಲಿಟ್ಟರು. ಮೀಟಿದೆ. ದ, ಸ, ಗ! ಮೂರೂ ಮೋಹನದವೇ.

"ಸ್ವಲ್ಪ ಅಳೋ ಕಾರ್ಡು ಇದು. ನಿನ್ ಮುಖಕ್ಕೂ ಒಪ್ತದೆ, ಹೋಗು" ಎಂದರು.

ಮರುದಿನದ ಬಸ್ಸಿಗೇ ಮತ್ತೆ ಮಧುಗಿರಿ. ಶಾರದೆ ಹಾಡಿದಳು. ರಾಗ ಷಡ್ಜದಲ್ಲೋ ಪಂಚಮದಲ್ಲೋ ನಿಂತಾಗ ಮೊದಲ ಹಿಡಿತ, ಧೈವತಕ್ಕೆ ಒರಗಿದಾಗ ಹೊಸದು. ಈ ಎರಡರ ನಡುವೆ ಬೆವರುತ್ತಾ ಓಡಾಡಿದೆ. ಮಾವನವರು ಮುಖವನ್ನು ಇತ್ತ ತಿರುಗಿಸಲಿಲ್ಲ. ಅವರ ಕಾಲ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು. ಹಾಡು ಮುಗಿದದ್ದೇ ಶಾರದೆ ಒಳಗಿನಿಂದ ಟ್ರಂಕು ತಂದಿಟ್ಟಳು.

ಆ ದ-ಸ-ಗವೇ ನನ್ನ ಸಂಸಾರ ಉಳಿಸಿತೆಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಮನೆಗೆ ಬಂದು ಶಾರದೆಗೂ ಅದನ್ನೇ ಹೇಳಿದೆ. ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವು ಬರೋ ಹೊತ್ತಿಗೆ ಟ್ರಂಕು ತುಂಬಿಟ್ಟಾಗಿತ್ತು ಕಣ್ರೀ. ಹಿಂದಿನ ಸಲ ತಪ್ಪು ಅಂದ ತಕ್ಷಣ ಬೆರಳು ಎತ್ತಿಬಿಟ್ರಲ್ಲ, ಅವತ್ತು ನೀವು ಹೊರಟ ಮೇಲೇ ತುಂಬಿದೆ. ನಮ್ಮಪ್ಪ ನಮ್ಮವ್ವನ ಮಾತಿಗೆ ಒಂದ್ ಸಲಾನೂ ಹಂಗೆ ತಪ್ಪು ಒಪ್ಪಿ ಬೆರಳು ಎತ್ತಿದ್ದು ನಾನ್ ಕಂಡಿಲ್ಲ."

ಅವಳ ಎದುರಿಗೆ ಕೂತು ಹುಣಸೆ ಬೀಜ ಬಿಡಿಸತೊಡಗಿದೆ.