ಕೆಟ್ಲರ್ ಪಾರ್ಕಿನ ಕೊನೆಯ ಹುಲ್ಲು

ಮೊಣಕಾಲೂರಿ ಕೂತು ಬರ್ನಡೀನ್ ಕುಚೆರಾ ಚಾಕುವನ್ನು ನೆಲಕ್ಕೆ ಇಳಿಸುತ್ತಾರೆ. ಬ್ರೆಡ್ ಕುಯ್ಯುವ ಚಾಕು, ಹಲ್ಲುಹಲ್ಲಿನದು. ನಾಲ್ಕೂ ಬದಿ ಕುಯ್ದ ಮೇಲೆ ಬೆರಳುಗಳನ್ನು ಅಡಿಗೆ ತೂರಿಸಿ ಮೆಲ್ಲಗೆ ಎತ್ತುತ್ತಾರೆ. ಸಣ್ಣ ದಿಂಬಿನಷ್ಟು ಹುಲ್ಲು, ಹಸಿ ಮಣ್ಣಿನ ಸಮೇತ ಕೈಗೆ ಬರುತ್ತದೆ. ಇಬ್ಬನಿ ಇನ್ನೂ ಆರಿಲ್ಲ. ಸೇಂಟ್ ಸಿರಿಲ್ ಸ್ಮಶಾನದ ಗೋಡೆಯಾಚೆ ಹೆದ್ದಾರಿಯಲ್ಲಿ ಮೊದಲ ಲಾರಿಗಳು ಹೊರಟಿವೆ.

“ಎಲ್ಲಿಂದ ತೆಗೆದೆ?” ಬೆಂಚಿನ ಮೇಲಿಂದ ಕ್ಲೀಟಸ್ ಬೂನ್ ಕೇಳುತ್ತಾರೆ.

“ಎರಡನೇ ಬೇಸ್ ಹತ್ರ.”

“ಅಡಲೀನ್‌ಗೆ ಎರಡನೇ ಬೇಸಾ? ಆರ್ಗನ್ ಬಾರಿಸ್ತಾ ಆಟಕ್ಕೆ ಬೆನ್ನು ಹಾಕ್ಕೊಂಡು ಕೂತಿರ್ತಿದ್ಲು. ಯಾವ ಬೇಸ್ ಎಲ್ಲಿದೆ ಅಂತ ಅವಳಿಗೆಲ್ಲಿ ಗೊತ್ತು?”

“ಅವಳೇ ಕೇಳಿದ್ದು. ಸುಮ್ನಿರು.”

“ನನಗೆ ಮೂರನೇದು. ಮರೀಬೇಡ ಹುಡುಗಿ.”

ಹುಡುಗಿಗೆ ಎಪ್ಪತ್ತೊಂದು. ಕ್ಲೀಟಸ್ ತೊಂಬತ್ತರ ಹತ್ತಿರ. ಒಂದು ಕಾಲಕ್ಕೆ ಕೆಟ್ಲರ್ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಕಡಲೆಕಾಯಿ ಪೊಟ್ಟಣವನ್ನು ಹನ್ನೆರಡು ಸಾಲಿನಾಚೆಗೆ ಎಸೆದು ಗಿರಾಕಿಯ ಮಡಿಲಿಗೇ ಬೀಳಿಸುತ್ತಿದ್ದ ಕೈಗೆ ಈಗ ಕಾಫಿ ಲೋಟ ಎತ್ತಲು ಇನ್ನೊಂದು ಕೈಯ ಆಸರೆ ಬೇಕು.

ಆಟದ ನಡುವೆ ಪಾರ್ಕಿನಲ್ಲಿ ಆರ್ಗನ್ ವಾದ್ಯ ಬಾರಿಸುತ್ತಿದ್ದ ಅಡಲೀನ್ ಫೋಗ್ಟ್ ಅವರನ್ನು ಇವತ್ತು ಹತ್ತು ಗಂಟೆಗೆ ಮಣ್ಣು ಮಾಡುತ್ತಾರೆ. ಹೂವಿಗಿಂತ ಮೊದಲು ಈ ತುಂಡು ತಲೆಯ ಕಡೆ ಕೂರುತ್ತದೆ. ಪೋರ್ಟ್ ಲೇನಿಯರ್‌ನ ಪೂರ್ವ ಭಾಗದಲ್ಲಿ ಹುಟ್ಟಿ ಇಲ್ಲೇ ಕಣ್ಣು ಮುಚ್ಚುವವರಿಗೆ ಇದೇನೂ ಹೊಸತಲ್ಲ. ಮನೆಯಲ್ಲಿ ಯಾರಾದರೂ ಹೋದರೆ ಪಾದ್ರಿಗೆ ಫೋನ್ ಮಾಡುತ್ತಾರೆ, ಆಮೇಲೆ ಎಲ್ಲರೂ ಬರ್ನಿ ಎನ್ನುವ ಬರ್ನಡೀನ್‌ಗೆ. ಕೆಲವರು ಬರ್ನಿಗೇ ಮೊದಲು.

ಕೆಟ್ಲರ್ ಪಾರ್ಕನ್ನು ಕಟ್ಟಿಸಿದ್ದು ಬಿಯರ್ ಕಾರ್ಖಾನೆಯ ಒಡೆಯ. ಕಾರ್ಖಾನೆಗೂ ರೈಲುಹಳಿಗೂ ನಡುವೆ ಉಳಿದಿದ್ದ ಸೊಟ್ಟ ಜಾಗದಲ್ಲಿ ಕಟ್ಟಿಸಿದ. ಹಾಗಾಗಿ ಬಲಗಡೆಯ ಗೋಡೆ ಕೈಗೆಟುಕುವಷ್ಟು ಹತ್ತಿರ, ಎಡಗಡೆಯದು ಪಕ್ಕದೂರಿನಷ್ಟು ದೂರ. ಬಲಗೋಡೆ ದಾಟಿದ ಚೆಂಡು ಮಿಲ್ ಸ್ಟ್ರೀಟಿನಲ್ಲಿ ಒಣಹಾಕಿದ್ದ ಬಟ್ಟೆಯ ಮೇಲೆ ಬೀಳುತ್ತಿತ್ತು. ಊರಿನ ತಂಡವಾದ ಹೆರನ್ಸ್ ಇಲ್ಲಿ ಆಡುವ ದಿನ ಆ ಬೀದಿಯವರು ಬಟ್ಟೆ ಒಗೆಯುತ್ತಿರಲಿಲ್ಲ. ಎಡಗಡೆ ನೆಲದಡಿಯಲ್ಲೊಂದು ಮುಚ್ಚಿದ ಹಳ್ಳ. ಮಳೆಯ ಮರುದಿನ ಕಪ್ಪೆಗಳು ಎದ್ದು ಬಂದರೆ ಆಟ ನಿಲ್ಲಿಸಿ ಬಕೆಟ್ಟಿಗೆ ತುಂಬಬೇಕು. ಸಂಜೆಯ ಗೂಡ್ಸ್ ರೈಲು ಸಿಳ್ಳೆ ಹಾಕಿದಾಗ ಚೆಂಡು ಎಸೆಯಲು ನಿಂತ ಎದುರಾಳಿ ಬೆಚ್ಚಿಬೀಳುತ್ತಿದ್ದ. ನಮ್ಮವರು ಬೆಚ್ಚುತ್ತಿರಲಿಲ್ಲ. ಇಷ್ಟಾಗಿಯೂ ನಮ್ಮವರೇ ಸೋಲುತ್ತಿದ್ದರು ಎನ್ನುವುದು ಬೇರೆ ಮಾತು.

ಆ ಹುಲ್ಲು ಓಟಿಸ್ ಟ್ರಿಂಬಲ್ ಅವರ ಕೈಯಲ್ಲಿ ಬೆಳೆದದ್ದು. ಅವರ ತಂದೆ ಕಪ್ಪು ಜನರ ತಂಡದಲ್ಲಿ ಆಡುತ್ತಿದ್ದರು. ಹೆರನ್ಸ್ ಪರವೂರಿಗೆ ಹೋದ ಭಾನುವಾರಗಳಲ್ಲಿ ಆ ತಂಡಕ್ಕೆ ಪಾರ್ಕು ಬಾಡಿಗೆಗೆ ಸಿಗುತ್ತಿತ್ತು. ಮೈದಾನ ಸಿಗುತ್ತಿತ್ತು, ಬಟ್ಟೆ ಬದಲಿಸುವ ಕೋಣೆಗೆ ಬೀಗ. ಆಟಗಾರರು ಬಸ್ಸಿನಲ್ಲಿ ಬಟ್ಟೆ ಬದಲಿಸಿ, ಬೆವರಿನಲ್ಲೇ ಮನೆಗೆ ಹೋಗುತ್ತಿದ್ದರು. ಮುಂದೆ ಮಗ ಮೈದಾನದ ಮೇಸ್ತ್ರಿಯಾದಾಗ ಆ ಕೋಣೆಯ ಬೀಗದ ಕೈ ಅವರ ಸೊಂಟಕ್ಕೆ ಬಂತು. “ಗೊಂಚಲು ಝಣಝಣ ಅನ್ನಿಸ್ಕೊಂಡೇ ನಡೀತಿದ್ರು,” ಎನ್ನುತ್ತಾರೆ ಬರ್ನಡೀನ್. “ಬೇಕಂತ್ಲೇ.”

ಹತ್ತೊಂಬತ್ತರ ಬರ್ನಡೀನರನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಅದೇ ಓಟಿಸ್. ಮಳೆ ಬಂದರೆ ಮೈದಾನದ ಮೇಲೆ ಟಾರ್ಪಾಲು ಎಳೆಯಬೇಕು. ಅದುವರೆಗೆ ಆ ಕೆಲಸದಲ್ಲಿ ಹೆಂಗಸರಿರಲಿಲ್ಲ. ಮೊದಲ ದಿನವೇ ಗಾಳಿ ಟಾರ್ಪಾಲಿನ ಜೊತೆ ಅವರನ್ನೂ ಎತ್ತಿ ಒಗೆಯಿತು. ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಆವತ್ತೂ ಸೋತಿದ್ವಿ. ದುಡ್ಡು ಕೊಟ್ಟು ಬಂದಿದ್ದಕ್ಕೆ ಅವರಿಗೆ ನಾನೊಬ್ಳೇ ಸಿಕ್ಕಿದ್ದು.”

ಪಾರ್ಕು ಬಿದ್ದು ನಲವತ್ತೆಂಟು ವರ್ಷವಾಯಿತು. ಹೆರನ್ಸ್ ಕ್ಲಬ್ಬು ಊರಾಚೆಯ ಹೊಸ ಕ್ರೀಡಾಂಗಣಕ್ಕೆ, ಕಾಂಕ್ರೀಟ್ ಬೋಗುಣಿಯೊಂದಕ್ಕೆ ಹೊರಟಿತು. ಅಲ್ಲಿಯ ಹುಲ್ಲು ಪ್ಲಾಸ್ಟಿಕ್ಕಿನದು. ಕೆಡವುವ ಮುನ್ನ ಒಂದು ಶನಿವಾರ ಗೇಟು ತೆರೆದು, ಏನು ಬೇಕೋ ಹೊತ್ತುಕೊಂಡು ಹೋಗಿ ಎಂದರು. ಜನ ಕುರ್ಚಿಗಳಿಗೆ ಮುಗಿಬಿದ್ದರು. ನಂಬರು ಬರೆದ ಆ ಹಸಿರು ಕುರ್ಚಿಗಳು ಇವತ್ತಿಗೂ ಪೂರ್ವ ಭಾಗದ ಮನೆಗಳ ವರಾಂಡದಲ್ಲಿವೆ. ಗಂಡ ಹೆಂಡತಿ ತಂತಮ್ಮ ಹಳೆಯ ನಂಬರಿನಲ್ಲೇ ಕೂತು ರಸ್ತೆ ನೋಡುತ್ತಾರೆ. ಕ್ಲೀಟಸ್ ಗಂಡಸರ ಶೌಚಾಲಯದ ಪಿಂಗಾಣಿ ತೊಟ್ಟಿ ಕಿತ್ತು ತಂದು ಹೆಂಡತಿಯಿಂದ ಬೈಸಿಕೊಂಡರು. ಈಗ ಅದರಲ್ಲಿ ಟೊಮೇಟೊ ಬೆಳೆಯುತ್ತದೆ.

ಓಟಿಸ್ ಮತ್ತು ಬರ್ನಡೀನ್ ಕುರ್ಚಿಯ ಕಡೆ ತಿರುಗಿ ನೋಡಲಿಲ್ಲ. ಕಲ್ಲಿದ್ದಲಿನ ಲಾರಿಯೊಂದನ್ನು ಕೇಳಿ ತಂದು, ಓಡುವವರು ಮುಟ್ಟಬೇಕಾದ ನಾಲ್ಕು ಮೂಲೆಗಳಾದ ಬೇಸ್‌ಗಳ ನಡುವಿನ ಹುಲ್ಲನ್ನು ಚಾಪೆಯಂತೆ ಸುತ್ತಿ ಸ್ಮಶಾನದ ಹಿಂದಿನ ಈ ಮೂಲೆಗೆ ತಂದರು. ಅಳತೆ ಚಿಕ್ಕದು ಮಾಡಿ, ಬೇಸ್‌ಗಳಿದ್ದ ಕಡೆಯ ಹುಲ್ಲನ್ನು ಆಯಾ ಮೂಲೆಗೇ ಹಾಸಿದರು. ಮೂರನೆಯ ದಿನ ಸಂಜೆ ಓಟಿಸ್ ಬ್ಯಾಟು ಹಿಡಿದವನು ನಿಲ್ಲುವ ಹೋಮ್ ಪ್ಲೇಟಿನ ಜಾಗದಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದರು. ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿದ್ದ. ದಿಕ್ಕು ತಪ್ಪಿತ್ತು: ಇಲ್ಲಿ ಬ್ಯಾಟು ಹಿಡಿದವನಿಗೆ ಚೆಂಡೇ ಕಾಣುವುದಿಲ್ಲ.

“ಇಲ್ಲಿ ಯಾರು ಬ್ಯಾಟ್ ಹಿಡೀತಾರೆ ಅಂದೆ,” ಎಂದು ಬರ್ನಡೀನ್ ನೆನೆಯುತ್ತಾರೆ. “ನನ್ನ ಮುಖ ನೋಡಿದ್ರು. ಸಲಿಕೆ ತಗೊಂಡ್ರು. ಎಲ್ಲಾ ಕಿತ್ತು, ತಿರುಗಿಸಿ, ಮತ್ತೆ ಹಾಸಿದ್ವಿ.”

ಓಟಿಸ್ ತೀರಿಕೊಂಡಾಗ ಬರ್ನಡೀನ್ ಇದೇ ಸ್ಮಶಾನದ ಮಾಲಿಯಾಗಿದ್ದರು. ಸಮಾಧಿಯ ಹತ್ತಿರ ಹೋದ ಮೇಲೆ ಹೂ ತಂದಿಲ್ಲವೆಂದು ನೆನಪಾಗಿ, ಈ ಮೂಲೆಗೆ ಬಂದು ಒಂದು ತುಂಡು ಕಿತ್ತುಕೊಂಡು ಹೋಗಿ ಇಟ್ಟರು. ಅಲ್ಲಿದ್ದವರೊಬ್ಬರು ನನಗೂ ಇಡ್ತೀಯಾ ಎಂದು ಕೇಳಿದರು. ಅಲ್ಲಿಂದ ಶುರು. ಎದುರಾಳಿ ತಂಡದ ಅಭಿಮಾನಿಯೊಬ್ಬ ಇದೇ ಊರಿನ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಸತ್ತಾಗ ಹೆಂಡತಿ ಅಂಜುತ್ತಲೇ ಬಂದು ಕೇಳಿದ್ದಳು. “ಕೊಟ್ಟೆ. ಅಂಚಿನದು, ಸ್ವಲ್ಪ ಒಣಗಿದ್ದು.”

ತುಂಡು ತೆಗೆದ ಗುಳಿಗೆ ಜರಡಿ ಹಿಡಿದ ಮಣ್ಣು ತುಂಬುತ್ತಾರೆ. ಅಂಗಡಿಯ ಬೀಜ ಹಾಕಿದರೆ ಹದಿನೈದು ದಿನದಲ್ಲಿ ಹಸಿರಾಗುತ್ತದೆ, ಅವರು ಹಾಕುವುದಿಲ್ಲ. ಸುತ್ತಲಿನ ಹುಲ್ಲು ಬೇರು ಚಾಚಿ ತಾನೇ ಬರಬೇಕು, ಎರಡು ಬೇಸಿಗೆಯಾದರೂ ಬೇಕು. ಹೋದ ವರ್ಷ ಬೇರು ತಿನ್ನುವ ಹುಳ ಬಿತ್ತು. ಈಗ ಉಳಿದಿರುವುದು ಎರಡು ಮಂಚ ಹಾಕುವಷ್ಟು ಜಾಗ. ಬೇಸ್‌ಗಳು ಒಂದನ್ನೊಂದು ತಾಗುವಷ್ಟು ಹತ್ತಿರ ಬಂದಿವೆ. ಬರ್ನಡೀನ್ ದಿನಾ ಸೂರ್ಯನಿಗಿಂತ ಮೊದಲು ಬಂದು ಕಳೆಯನ್ನು ಬೆರಳಲ್ಲೇ ಕೀಳುತ್ತಾರೆ. ಕೂರುವುದು ಸುಲಭ, ಏಳಲು ಪಕ್ಕದ ಸಮಾಧಿಯ ಕಲ್ಲು ಬೇಕು.

ಎಂಟು ಗಂಟೆಗೆ ಕ್ಲಬ್ಬಿನಿಂದ ಕೇಟ್ಲಿನ್ ಡ್ರಿಸ್ಕಲ್ ಬರುತ್ತಾರೆ. ಮೂವತ್ತು ದಾಟದ ಹೆಣ್ಣುಮಗಳು, ಕೈಯಲ್ಲಿ ಡೋನಟ್ಟಿನ ಡಬ್ಬಿ. ಕ್ಲಬ್ಬು ಮತ್ತೆ ಊರೊಳಗೆ ಬರುತ್ತಿದೆ. ಇಟ್ಟಿಗೆಯ ಹೊಸ ಕ್ರೀಡಾಂಗಣ, ಹಳೆಯದರ ಹಾಗೇ ಕಾಣುವಂಥದ್ದು.

“ಇಷ್ಟನ್ನೂ ತಗೊಂಡು ಹೋಗ್ತೀವಿ ಮೇಡಂ. ಮುಖ್ಯ ಗೇಟಿನ ಒಳಗೇ ಹಾಕ್ತೀವಿ. ನಮ್ಮ ತಜ್ಞರು ನೋಡ್ಕೋತಾರೆ. ಹಿತ್ತಾಳೆ ಫಲಕದ ಮೇಲೆ ಓಟಿಸ್ ಟ್ರಿಂಬಲ್ ಹೆಸರು, ಕೆಳಗೆ ನಿಮ್ಮದು. ಬದುಕಿರೋವರೆಗೂ ಹೋಮ್ ಪ್ಲೇಟ್ ಹಿಂದೆ ಎರಡು ಸೀಟು.”

ಓಟಿಸ್ ಹೆಸರು ಕೇಳಿ ಬರ್ನಡೀನರ ಕೈ ನಿಲ್ಲುತ್ತದೆ. ಹಳೆಯ ಪಾರ್ಕಿನ ಯಾವ ಗೋಡೆಯ ಮೇಲೂ ಆ ಹೆಸರಿರಲಿಲ್ಲ.

“ಒಂದು ತುಂಡು ಸಾಲಲ್ವಾ?”

“ಗೇಟು ದೊಡ್ಡದು ಮೇಡಂ. ಇದಷ್ಟೂ ಬೇಕು.”

“ಆಮೇಲೆ ಕ್ಲೀಟಸ್ ಸತ್ರೆ?”

“ನಾನಿಲ್ಲೇ ಕೂತಿದೀನಿ,” ಎನ್ನುತ್ತಾರೆ ಕ್ಲೀಟಸ್, ಡೋನಟ್ ಕಚ್ಚುತ್ತಾ.

“ಅವರ ಮನೆಯವರು ಗೇಟಿಗೆ ಬಂದು ನೋಡಬಹುದು,” ಎನ್ನುತ್ತಾರೆ ಕೇಟ್ಲಿನ್.

“ಮುಟ್ಟಬಹುದಾ?”

“ಸುತ್ತ ಸರಪಳಿ ಇರುತ್ತೆ.” ಕೇಟ್ಲಿನ್ ದನಿ ತಗ್ಗಿಸುತ್ತಾರೆ. “ಬೇಜಾರು ಮಾಡ್ಕೋಬೇಡಿ. ನಿಮ್ಮ ನಂತರ ಇದನ್ನ ನೋಡ್ಕೊಳ್ಳೋರು ಯಾರು?”

ಬರ್ನಡೀನ್ ಅಡಲೀನರ ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತುತ್ತಾರೆ. ಕಲ್ಲು ಹಿಡಿದು ಏಳುತ್ತಾರೆ.

“ಯಾರೂ ಇಲ್ಲ. ಮುಗಿದ್ರೆ ಮುಗೀತು. ಇವರ ಮೇಲೇ ಮುಗೀಲಿ.” ಸಮಾಧಿಗಳ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. “ನಿಮ್ಮ ಮನೇಲಿ ಯಾರಾದ್ರೂ ಆ ಪಾರ್ಕ್ ನೋಡಿದ್ರೇನಮ್ಮಾ?”

“ನಮ್ಮಜ್ಜ. ಇನ್ನೂ ಇದ್ದಾರೆ.”

“ಅವರಿಗೆ ಯಾವ ಬೇಸ್ ಬೇಕು ಕೇಳ್ಕೊಂಡು ಬಾ. ಮೂರನೇದು ಕೇಳಿದ್ರೆ ಕ್ಲೀಟಸ್ ಜೊತೆ ಹಂಚ್ಕೋಬೇಕು.”

“ಆ ಎರಡು ಸೀಟು ಮಾತ್ರ ಇಸ್ಕೋ ಹುಡುಗಿ,” ಎಂದು ಕ್ಲೀಟಸ್ ಬರ್ನಡೀನ್‌ಗೆ ಹೇಳುತ್ತಾರೆ.

“ಒಂದು ವಾರ ಯೋಚನೆ ಮಾಡಿ ಮೇಡಂ,” ಎನ್ನುತ್ತಾರೆ ಕೇಟ್ಲಿನ್.

“ಯೋಚ್ನೆ ಮಾಡೋಕೆ ಏನಿಲ್ಲ. ನಿಮ್ಮಜ್ಜಂಗೆ ಕೊಡ್ತೀನಿ. ಗೇಟಿಗೆ ಕೊಡಲ್ಲ.”