ಟೇಪಕ್ಕನ ಕ್ಲಿನಿಕ್ಕು

ನನ್ನ ದೊಡ್ಡಮ್ಮನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ಬಂದರೂ ಮುಖ ಆ ಕಡೆ ತಿರುಗಿಸಿ, "ರೀ, ಬೇಗ ಬನ್ನಿ ಇಲ್ಲಿ!" ಎಂದು ದೊಡ್ಡಪ್ಪನನ್ನು ಕೂಗುತ್ತಿದ್ದಳು. ಅಂಥವಳು ಹದಿನಾರು ವರ್ಷ ಒಂದು ಕ್ಲಿನಿಕ್ ನಡೆಸಿದಳು ಅಂದರೆ, ಅವಳನ್ನು ಬಲ್ಲ ನಮಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ.

ಅವಳು ದರ್ಜಿ. ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಬೀಗ ರಿಪೇರಿಯ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಹೊಲಿಗೆ ಕೋಣೆ. ಎರಡು ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸಲು ಆಳುದ್ದದ ಮೇಜು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಗೆಲ್ಲ ಅವಳು ಟೇಪಕ್ಕ. ಒಮ್ಮೆ ತೆಗೆದ ಅಳತೆ ಪುಸ್ತಕಕ್ಕೂ ಹೋಗುತ್ತಿತ್ತು, ತಲೆಗೂ ಹೋಗುತ್ತಿತ್ತು. ಎದುರು ಸಿಕ್ಕವರ ಹೆಸರು ಮರೆತಾಳು, ಸೊಂಟದ ಸುತ್ತಳತೆ ಮರೆಯುತ್ತಿರಲಿಲ್ಲ.

ಕ್ಲಿನಿಕ್ಕು ಶುರುವಾದ ವರ್ಷ ನದಿ ಊರೊಳಗೇ ಬಂತು. ಮೂರು ದಿನ ನಿಂತ ನೀರು ಇಳಿದಾಗ ಕೆಳಗಿನ ಬೀದಿಗಳ ಮನೆಗಳಲ್ಲಿ ಗೋಡೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆಸ್ಪತ್ರೆಯೊಳಗೆ ಮಂಡಿಯುದ್ದ ಕೆಸರು. ಇಡೀ ರಸ್ತೆಯಲ್ಲಿ ಒಣಗಿದ್ದ ಜಾಗ ಅಂದರೆ ದೊಡ್ಡಮ್ಮನ ಮಹಡಿ.

ಪರಿಹಾರ ತಂಡದ ಜೊತೆ ಬಂದಿದ್ದ ಡಾಕ್ಟರಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ರೋಗಿಗಳನ್ನು ಮಲಗಿಸಲು ಜಾಗ ಹುಡುಕುತ್ತ ಮೆಟ್ಟಿಲು ಹತ್ತಿದವಳು ಆ ಮೇಜು ನೋಡಿ ನಿಂತುಬಿಟ್ಟಳು.

"ಅಮ್ಮಾ, ಈ ಮೇಜು ಒಂದು ವಾರದ ಮಟ್ಟಿಗೆ ಕೊಡ್ತೀರಾ?"

"ಒಂದು ವಾರ ತಾನೆ? ತಗೊಳ್ಳಿ. ಆದ್ರೆ ಅದರ ಮೇಲೆ ರಕ್ತಗಿಕ್ತ ಬೀಳಬಾರದು."

"ಪ್ರಯತ್ನ ಪಡ್ತೀನಿ," ಎಂದಳು ಡಾಕ್ಟರಮ್ಮ, ಪಾಪ.

ಮೊದಲು ಬಂದವನ ಅಂಗಾಲನ್ನೇ ತಗಡು ಸೀಳಿತ್ತು. ಕರೆಂಟಿರಲಿಲ್ಲ. ದೊಡ್ಡಮ್ಮ ಟಾರ್ಚು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು. ಬೆಳಕೆಲ್ಲ ಗೋಡೆಗೆ. "ಅಮ್ಮಾ, ಹೊಲಿಗೆ ಹಾಕಬೇಕಾದ್ದು ಕಾಲಿಗೆ," ಎಂದಳು ಡಾಕ್ಟರಮ್ಮ. ಕಾಲು ಹೊಲಿಸಿಕೊಳ್ಳುತ್ತಿದ್ದವನೂ ನಕ್ಕನಂತೆ. ದೊಡ್ಡಮ್ಮ ಒಂದು ಕಣ್ಣು ತೆರೆದಳು. ಡಾಕ್ಟರಮ್ಮ ಹಾಕುತ್ತಿದ್ದ ಹೊಲಿಗೆಯನ್ನು ನೋಡನೋಡುತ್ತ ಇನ್ನೊಂದು ಕಣ್ಣೂ ತಾನಾಗಿ ತೆರೆಯಿತು. "ಗಂಟು ಚೆನ್ನಾಗಿ ಹಾಕ್ತೀರಿ," ಎಂದಳು.

ದೊಡ್ಡಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮೊದಲ ದಿನ ಮೂಗು ಮುರಿದರು. ಎರಡನೆಯ ದಿನ ಮೆಟ್ಟಿಲ ಮೇಲಿನ ನೂಕುನುಗ್ಗಲು ನೋಡಲಾರದೆ ಎದ್ದು ಹೋಗಿ, "ಒಬ್ಬೊಬ್ಬರೇ, ಒಬ್ಬೊಬ್ಬರೇ! ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಇದೆ!" ಎಂದು ಗಂಟಲು ತೆರೆದರು. ಚೀಟಿ ಹರಿದು ನಂಬರು ಕೊಟ್ಟರು. ಆ ಕೆಲಸ ಅವರು ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ.

ಒಂದು ವಾರ ಹೋಗಿ ಆರು ವಾರವಾಯಿತು. ಆಸ್ಪತ್ರೆಯನ್ನು ತೊಳೆದು ಬಾಗಿಲು ತೆರೆದರು. ತಂಡದವರು ಹೊರಡಲು ಪೆಟ್ಟಿಗೆ ಕಟ್ಟತೊಡಗಿದರು. ದೊಡ್ಡಮ್ಮ ಮೇಜನ್ನು ಸೋಪು ಹಾಕಿ ಉಜ್ಜಿ, ಶಾಲೆಯ ಸಮವಸ್ತ್ರದ ಬಟ್ಟೆ ಹರಡಿಕೊಂಡಳು.

ಅದೇ ದಿನ, ರೋಗಿಗಳನ್ನು ತಂದು ಬಿಡುತ್ತಿದ್ದ ಊರಿನ ವ್ಯಾನ್ ಡ್ರೈವರ್ ಒಂದು ಪ್ಯಾಂಟು ಹಿಡಿದು ಬಂದ. "ಅಕ್ಕಾ, ಸೊಂಟ ಇನ್ನೊಂದು ಸಲ ಬಿಗಿ ಮಾಡಿಕೊಡಿ."

ಅವಳು ಟೇಪು ಸುತ್ತಿದಳು, ಪುಸ್ತಕ ತೆಗೆದಳು. "ಮೂರು ತಿಂಗಳ ಹಿಂದೆ ನಲವತ್ತಿದ್ದೆ. ಈಗ ಮೂವತ್ತಾರು. ಏನಪ್ಪಾ ಇದು?"

"ಮನೆನೇ ಹೋಯ್ತು, ಇನ್ನು ಸೊಂಟ ಉಳಿಯುತ್ತಾ ಅಕ್ಕಾ?" ಎಂದು ನಕ್ಕು, ಕುಡಿಯಲು ನೀರು ಕೇಳಿದ. ಐದು ನಿಮಿಷಕ್ಕೆ ಮತ್ತೆ ಕೇಳಿದ. ಮೂರನೆಯ ಸಲ ಚೊಂಬಿಗೆ ಕೈ ಹಾಕಿದಾಗ ದೊಡ್ಡಮ್ಮ ಅವನ ತೋಳು ಹಿಡಿದಳು. "ಪ್ಯಾಂಟು ಆಮೇಲೆ. ಮೊದಲು ಡಾಕ್ಟರಮ್ಮನ ಹತ್ರ ನಡಿ."

ಸಕ್ಕರೆ ಎಷ್ಟು ಏರಿತ್ತೆಂದರೆ ಪರೀಕ್ಷೆಯ ಪುಟ್ಟ ಯಂತ್ರ ಅಂಕಿ ತೋರಿಸಲೇ ಇಲ್ಲ. ಅವನ ಮಾತ್ರೆ, ಚೀಟಿ ಎಲ್ಲ ಬೀರುವಿನ ಜೊತೆ ಕೊಚ್ಚಿಹೋಗಿದ್ದವು. ಡಾಕ್ಟರಮ್ಮ ಗದರಿದಳು. ದಿನಾ ಇದೇ ಮೆಟ್ಟಿಲ ತನಕ ರೋಗಿಗಳನ್ನು ತಂದು ಇಳಿಸಿದವನು ತಾನೇಕೆ ಮೇಲೆ ಬರಲಿಲ್ಲ?

ಅವನು ತಲೆ ತಗ್ಗಿಸಿದ. "ಜನ ಹೆತ್ತವರನ್ನ ಕಳ್ಕೊಂಡು ಕೂತಿದ್ರು ಡಾಕ್ಟ್ರೇ. ನನ್ನ ಮಾತ್ರೆ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆ ಮಾತು ದೊಡ್ಡಮ್ಮನ ಎದೆಗೆ ನಾಟಿತು. ಅವನನ್ನು ಆಸ್ಪತ್ರೆಗೆ ಕಳಿಸಿ ಬಂದವಳು ಅಳತೆ ಪುಸ್ತಕ ತೆರೆದು ಕೂತಳು. ಇವನ ಹಾಗೆ ಬಾಯಿಗೆ ಬೀಗ ಹಾಕಿಕೊಂಡವರು ಇನ್ನೆಷ್ಟು ಜನವೋ! ಮರುದಿನ ಮೆಟ್ಟಿಲ ಕೆಳಗೆ ಒಂದು ರಟ್ಟು ತೂಗಿತು: 'ಸಡಿಲವಾದ ಬಟ್ಟೆ ಪುಕ್ಕಟೆ ಬಿಗಿ ಮಾಡಿಕೊಡಲಾಗುವುದು. ಬಂದು ಅಳತೆ ಕೊಡಿ.'

ಕಾಯಿಲೆ ಹೇಳಿಕೊಳ್ಳಲು ನಾಚಿದವರು ಪ್ಯಾಂಟು ಹಿಡಿದು ಬರಲು ನಾಚಲಿಲ್ಲ. ದೊಡ್ಡಮ್ಮ ಹಳೆಯ ಅಳತೆಯ ಪಕ್ಕದಲ್ಲಿ ಹೊಸದು ಬರೆದಳು. ವಿಪರೀತ ಇಳಿದವರನ್ನು ಮಾತಿಗೆಳೆದು ಪಕ್ಕದ ಕುರ್ಚಿಗೆ ದಾಟಿಸಿದಳು. ಅಲ್ಲಿ ಡಾಕ್ಟರಮ್ಮ. ನಾಲ್ಕು ದಿನದಲ್ಲಿ ಇಪ್ಪತ್ತಮೂರು ಜನ ಸಿಕ್ಕರು. ಒಂಬತ್ತು ಮಂದಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೆ ಕ್ಷಯ. ಉಳಿದವರಲ್ಲಿ ಹಲವರಿಗೆ ಹೆಸರಿಡುವಂಥ ರೋಗವೇ ಇರಲಿಲ್ಲ. ದುಃಖಕ್ಕೆ ಊಟ ಸೇರುತ್ತಿರಲಿಲ್ಲ, ಅಷ್ಟೆ.

"ನಾನು ಹೋಗಲೇಬೇಕಮ್ಮ, ಕೆಲಸ ಇದೆ," ಎಂದಳು ಡಾಕ್ಟರಮ್ಮ, ಕಣ್ಣು ತಪ್ಪಿಸಿ.

"ಇರಿ ಅಂತ ಯಾರು ಹೇಳಿದ್ರು? ಹೋಗಿ. ಶನಿವಾರ ಬನ್ನಿ."

"ಮೂರು ಗಂಟೆ ದಾರಿ!"

"ಕಿಟಕಿ ಪಕ್ಕ ಸೀಟು ಹಿಡಿಸ್ತಾರೆ ನಮ್ಮನೆಯವರು. ಅವರ ಮಾತು ಇನ್ನೂ ನಡೆಯುತ್ತೆ."

ಅವಳು ಬಂದಳು. ಒಂದು ಶನಿವಾರವಲ್ಲ, ಪ್ರತಿ ಶನಿವಾರ. ಎರಡು ತಿಂಗಳಾದ ಮೇಲೆ ಕಣ್ಣಿನ ಡಾಕ್ಟರಾಗಿದ್ದ ಗೆಳತಿಯನ್ನೂ ಎಳೆದು ತಂದಳು. ಊರಿನ ನಿವೃತ್ತ ನರ್ಸಮ್ಮ "ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ" ಎಂದವರು ವಾರದ ಎಲ್ಲ ದಿನ ಬರತೊಡಗಿದರು. ಚೇತರಿಸಿಕೊಂಡ ವ್ಯಾನ್ ಡ್ರೈವರ್ ಮೆಟ್ಟಿಲು ಹತ್ತಲಾರದ ಮುದುಕರನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಅದನ್ನು ಒಂದು ವರ್ಷ ನೋಡಿ ನೋಡಿ ಕೆಳಗಿನ ಬೀಗದವರು ತಮ್ಮ ಅಂಗಡಿಯನ್ನೇ ಬಿಟ್ಟುಕೊಟ್ಟು, ತಾವು ಮೇಲಿನ ಕೋಣೆಯ ಅರ್ಧಕ್ಕೆ ಹೋದರು. ಇನ್ನರ್ಧದಲ್ಲಿ ದೊಡ್ಡಮ್ಮನ ಹೊಲಿಗೆ. ಹೀಗೆ, ಯಾರೂ ಯೋಜನೆ ಹಾಕದೆ, ಅದು ನಿಜವಾದ ಕ್ಲಿನಿಕ್ ಆಯಿತು. ಹೊಸಬರು ದೊಡ್ಡಮ್ಮನ ಕೊರಳಲ್ಲಿ ನೇತಾಡುವ ಟೇಪು ನೋಡಿ "ಡಾಕ್ಟ್ರೇ" ಎಂದರೆ, ಅವಳು ತಿದ್ದುವ ಆತುರ ತೋರಿಸುತ್ತಿರಲಿಲ್ಲ.

ಹೋದ ವರ್ಷ ಅವಳು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನೇರ ಒಳಗೆ ನುಗ್ಗಲು ಹೊರಟವಳನ್ನು ದೊಡ್ಡಪ್ಪ ತಡೆದರು. "ನಂಬರು ಹದಿನೇಳು. ಕೂತ್ಕೊ."

"ನನಗೂ ಚೀಟಿಯಾ?"

"ಪಾಸು ಇಲ್ಲ ಇಲ್ಲಿ ಯಾರಿಗೂ."

ಗೊಣಗುತ್ತಲೇ ಬೆಂಚಿನಲ್ಲಿ ಕೂತಳು. ಒಂದೂವರೆ ಗಂಟೆ. ಪಕ್ಕದಲ್ಲಿದ್ದ ಹೆಂಗಸು, ಎದೆಯಲ್ಲಿ ಗಂಟಾಗಿದೆ ಎಂದು ತೋರಿಸಲು ಬಂದವಳು, ಗುರುತು ಪರಿಚಯವಿಲ್ಲದ ದೊಡ್ಡಮ್ಮನ ಸರಿಯಿದ್ದ ಕೈಯನ್ನು ಹಿಡಿದುಕೊಂಡಳು. ಬಿಡಲೇ ಇಲ್ಲ. ಹದಿನೇಳು ಎಂದು ಕೂಗಿದಾಗ ದೊಡ್ಡಮ್ಮ ಏಳಲಿಲ್ಲ. "ಮುಂದಿನವರನ್ನ ಕರೀರಿ," ಎಂದಳು. ಆ ಹೆಂಗಸಿನ ಸರದಿ ಬಂದಾಗ ಅವಳ ಜೊತೆಗೇ ಒಳಗೆ ಹೋದಳು.

ಈಗ ಮಣಿಕಟ್ಟು ಕೂಡಿದೆ, ಆದರೆ ಮೊದಲಿನಷ್ಟು ಹೊಲಿಯಲಾಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಆ ಬೆಂಚಿನ ತುದಿಯಲ್ಲಿ, ಒಂಟಿಯಾಗಿ ಬಂದವರ ಪಕ್ಕ ಕೂತಿರುತ್ತಾಳೆ. ನೋಡಿದವರಿಗೆ ಸುಮ್ಮನೆ ಕೂತ ಹಾಗೆ ಕಾಣಿಸುತ್ತದೆ.